ಮಹೇಕ ಓದಿದ ಕರಪತ್ರ

ಖಾನಾಪುರ ಬಸ್ ನಿಲ್ದಾಣದ ಚಹದಂಗಡಿಯಲ್ಲಿ ಯಾರೋ ಓದಿ ಬಿಟ್ಟುಹೋದ ಪೇಪರಿನ ನಡುವಿನಿಂದ ಗುಲಾಬಿ ಬಣ್ಣದ ಹಾಳೆಯೊಂದು ಹೊರಗೆ ಜಾರಿತ್ತು. ಕಾಂತಾ ಅದನ್ನು ಎಳೆದು ನೋಡಿದರು. ತಾವು ನೋಡಲು ಹೊರಟಿದ್ದ ಕಾಯಿಲೆಯ ಹುಡುಗಿ ಮಹೇಕಳ ಫೋಟೋ. ಕೆಳಗೆ ದಪ್ಪ ಅಕ್ಷರಗಳಲ್ಲಿ ತಾವೇ ಬರೆದ ಸಾಲು: ‘ಈ ಹುಡುಗಿಗೆ ಉಳಿದಿರುವುದು ಕೆಲವೇ ವಾರಗಳು. ಆಕೆ ನೋವಿಲ್ಲದೆ ಹೋಗಲಿ.’

ಅಲ್ಲೇ ನಿಂತು ಬೆಳಗಾವಿಗೆ ಫೋನು ಮಾಡಿದರು. ಕಾಂತಾ ಅವರ ಸೇವಾ ಬಳಗದ ಅಧ್ಯಕ್ಷರು, ರವಿವಾರ ಪೇಟೆಯ ಬೆಲ್ಲದ ವ್ಯಾಪಾರಿ ಉಳವಪ್ಪ, ಫೋನೆತ್ತಿದರು.

“ಬರೇ ಬೆಳಗಾವಿಯೊಳಗ ಹಂಚೂದು ಅಂತ ಮಾತಾಗಿತ್ತಲ್ರೀ?”

“ಪೇಪರಿನಾಂವ ಖಾನಾಪುರಕ್ಕೂ ಹಾಕ್ತೀನಂದ, ಹೂಂ ಅಂದೆ. ನಾಕ ಮಂದಿ ಹೆಚ್ಚಿಗಿ ಓದತಾರ, ಛಲೋನ ಆತಲ್ರೀ ಅಕ್ಕಾರ?”

“ಆ ಹುಡುಗಿ ಇದ ಊರಾಕಿ. ಕನ್ನಡ ಸಾಲ್ಯಾಗ ಐದನೇತ್ತಾ ಓದತಾಳ. ಆಕಿಗೆ ಓದಾಕ ಬರತೈತಿ!”

“ಅದು ಲಕ್ಷ್ಯಕ್ಕ ಬರಲಿಲ್ರೀ,” ಎಂದರು ಉಳವಪ್ಪ.

“ಉಳದ ಹಾಳಿ ಎಲ್ಲಾ ಹಂಚದಂಗ ತಡೀರಿ,” ಎಂದು ಕಾಂತಾ ಫೋನಿಟ್ಟರು.

ವಾಸಿಯಾಗದ ಕಾಯಿಲೆಯ ಮಕ್ಕಳಿಗೆ ಮನೆಗೇ ಹೋಗಿ ಆರೈಕೆ ಮಾಡುವ ಬಳಗ ಅವರದು. ಅಂಥ ಮಕ್ಕಳಿಗಾಗಿ ರಾಮತೀರ್ಥ ನಗರದಲ್ಲಿ ನಾಲ್ಕು ಹಾಸಿಗೆಯ ಮನೆಯೊಂದನ್ನು ತೆರೆಯಬೇಕೆಂದು ದೇಣಿಗೆ ಎತ್ತುತ್ತಿದ್ದರು. ಕಣ್ಣೀರು ಬಾರದೆ ಯಾರೂ ಕೈ ಬಿಚ್ಚುವುದಿಲ್ಲ ಎಂದು ಉಳವಪ್ಪ ಹೇಳಿದಾಗ, ನಿವೃತ್ತ ಶಿಕ್ಷಕಿ ಕಾಂತಾ ಆ ಸಾಲನ್ನು ಮೂರು ಸಲ ತಿದ್ದಿ ಬರೆದಿದ್ದರು. ಫೋಟೋಕ್ಕೆ ಒಪ್ಪುವಾಗ ಮಹೇಕಳ ತಾಯಿ ರಾಜಬೀ ಕೇಳಿದ್ದು ಒಂದೇ ಮಾತು: “ಆಕಿಗೆ ಏನೂ ಗೊತ್ತಿಲ್ರೀ. ಗೊತ್ತಾಗಬಾರದು.” ಆಗಲಿ ಎಂದು ಕಾಂತಾ ಕೈಹಿಡಿದು ಹೇಳಿದ್ದರು.

ಹೊಳೆಯ ಕಡೆಯ ಓಣಿಯಲ್ಲಿ ಅವರು ಬಹುತೇಕ ಓಡುತ್ತಲೇ ಹೋದರು. ರಾಜಬೀ ಬಾಗಿಲಲ್ಲೇ ನಗುತ್ತ ನಿಂತಿದ್ದಳು.

“ಬರ್ರಿ ಟೀಚರ್. ನಮ್ಮ ಹುಡುಗಿ ಫೋಟೋ ಬಂದೈತಿ ನೋಡ್ರಿ! ಇಕಿ ಅಪ್ಪ ಐದು ಪೇಪರ್ ತಂದಿಟ್ಟು ಟೆಂಪೋ ತಗೊಂಡು ಹೋದ್ರು. ಅವರಿಗೆ ಉರ್ದು ಅಷ್ಟ ಬರತೈತಿ, ನನಗ ಅದೂ ಇಲ್ಲ. ಏನ್ ಬರದಾರ, ನೀವರ ಓದಿ ಹೇಳ್ರಿ.”

ಒಳಗೆ ಮಹೇಕ ಗೋಡೆಗೆ ಒರಗಿ ಕೂತಿದ್ದಳು. ಗುಲಾಬಿ ಹಾಳೆ ನಾಲ್ಕು ಮಡಿಕೆಯಾಗಿ ಅವಳ ಮುಷ್ಟಿಯಲ್ಲಿತ್ತು.

“ನಾ ಹೇಳೇನಲ್ಲ ಅಮ್ಮೀ. ನನ್ನಂಥ ಹುಡುಗ್ರಿಗೆ ಬೆಳಗಾವ್ಯಾಗ ಮನಿ ಮಾಡಾಕತ್ತಾರಂತ. ಅಷ್ಟ ಐತಿ.” ಹೇಳುವಾಗ ಅವಳ ಕಣ್ಣು ಕಾಂತಾ ಅವರ ಮೇಲೇ ಇತ್ತು. “ಹೌದಲ್ರೀ ಟೀಚರ್?”

“ಹೌದು,” ಎಂದರು ಕಾಂತಾ.

ರಾಜಬೀ ಚಹ ಮಾಡಲು ಪರದೆ ಸರಿಸಿ ಒಳಗೆ ಹೋದಳು. ಹುಡುಗಿ ದನಿ ತಗ್ಗಿಸಿದಳು.

“ಇದನ್ನ ಬರದಾವ್ರು ಯಾರ್ರಿ?”

ಉಳವಪ್ಪನವರ ಹೆಸರು ನಾಲಿಗೆಯ ತುದಿಗೆ ಬಂದಿತ್ತು. “ನಾನ ಬರದೇನಿ.”

“ಖರೇ ಐತೇನ್ರಿ?”

ಒಳಗೆ ಪಾತ್ರೆ ಸದ್ದಾಯಿತು. ತಾಯಿಗೆ ಕೊಟ್ಟ ಮಾತು ಕಾಂತಾ ಅವರ ಎದೆಯ ಮೇಲೆ ಕೂತಿತ್ತು. ಹುಡುಗಿ ರೆಪ್ಪೆ ಬಡಿಯದೆ ಕಾಯುತ್ತಿದ್ದಳು.

“ಖರೇ ಐತಿ, ಮಹೇಕ. ಎಷ್ಟು ವಾರ ಅನ್ನೂದು ಯಾರಿಗೂ ಗೊತ್ತಿಲ್ಲ. ಹಂಗ ಬರೀಬಾರದಿತ್ತು ನಾನು. ಆದ್ರ ಈ ಜಡ್ಡು ಆರಾಮ ಆಗಂಗಿಲ್ಲ. ನಿನಗ ತ್ರಾಸ ಆಗದಂಗ ನಾವು ನೋಡ್ಕೋತೀವಿ.”

ಮಹೇಕ ಹಾಳೆಯ ಮಡಿಕೆಯನ್ನು ಉಗುರಿನಿಂದ ತೀಡಿದಳು.

“ಅಮ್ಮೀಗೆ ಗೊತ್ತೈತಿ?”

“ಗೊತ್ತೈತಿ.”

“ಅದಕ್ಕ ನಾ ಮಲಗೀನಂತ ತಿಳಕೊಂಡು ಅಳತಿರ್ತಾಳ. ನಾನೂ ಮಲಗಿದಂಗ ಮಾಡ್ತೀನಿ.”

ಪರದೆ ಸರಿಯಿತು. ರಾಜಬೀಯ ಮುಖ ಬಿಳಿಚಿಕೊಂಡಿತ್ತು.

“ಮಾತು ಕೊಟ್ಟಿದ್ರಿ ನೀವು!” ಮಗಳ ಮುಷ್ಟಿಯಿಂದ ಹಾಳೆ ಕಿತ್ತುಕೊಂಡಳು, ಓದಲಾಗದ ಆ ಅಕ್ಷರಗಳನ್ನು ಒಮ್ಮೆ ನೋಡಿ ಹರಿದು ಹಾಕಿದಳು. “ನಿಮ್ಮನ್ನ ನಂಬಿ ಮನಿಯೊಳಗ ಬಿಟ್ಟುಕೊಂಡೆ. ನಡೀರಿ ಹೊರಗ. ನಡೀರಿ!”

ಕಾಂತಾ ಎದ್ದರು.

“ಅಮ್ಮೀ, ಅವರಿಗೆ ಬೈಬ್ಯಾಡ,” ಎಂದಳು ಮಹೇಕ. “ನೀ ಇಲ್ಲಿ ಬಾ. ನನಗ ಅಂಜಿಕಿ ಆಗಾಕತ್ತೈತಿ.”

ರಾಜಬೀ ತಿರುಗಿ ನೋಡಿದಳು. ಬಾಗಿಲಿನತ್ತ ಎತ್ತಿದ ಕೈ ಹಾಗೇ ಇಳಿಯಿತು. ಹಾಸಿಗೆಯ ಮೇಲೆ ಕುಸಿದು ಮಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಹುಡುಗಿ ಅವಳ ಕೊರಳಿಗೆ ಮುಖ ಒತ್ತಿ, ಈ ಸಲ ಮುಚ್ಚಿಡದೆ, ದನಿ ತೆಗೆದು ಅತ್ತಳು.

ಬಾಗಿಲ ತನಕ ಹೋದ ಕಾಂತಾ ಅವರಿಗೆ ಸೀದ ಹಾಲಿನ ವಾಸನೆ ಬಂತು. ಅಡುಗೆಮನೆಗೆ ಹೋಗಿ ಗ್ಯಾಸು ಆರಿಸಿದರು. ಪರದೆಯ ಆಚೆ ತಾಯಿ ಮಗಳು ತಮ್ಮ ಮನೆಮಾತಿನಲ್ಲಿ ಏನೋ ಮಾತಾಡಿಕೊಳ್ಳುತ್ತಿದ್ದರು. ಮಗಳು ಒಂದೊಂದೇ ಪ್ರಶ್ನೆ ಕೇಳುತ್ತಿದ್ದಳು, ತಾಯಿ ಉತ್ತರ ಹೇಳುತ್ತಿದ್ದಳು. ಕಾಂತಾ ಒಂದು ಅರಿವೆ ಹುಡುಕಿ, ಒಲೆಯ ಸುತ್ತ ಹರಿದಿದ್ದ ಹಾಲನ್ನು ಸದ್ದಾಗದಂತೆ ಒರೆಸತೊಡಗಿದರು.