ಬುರುಡೆಯ ಸರದಿ

ಗೊರ್ರ್ — ಸೋರೆಬುರುಡೆಯ ತಳದಲ್ಲಿ ನೀರು ಮುಗಿದು ಕೊಳವೆ ಗೊರಕೆ ಹೊಡೆದ ಸದ್ದು, ಯಾರದೋ ಸರದಿ ಮುಗಿಯಿತು, ಇನ್ನು ಬುರುಡೆ ಅರ್ನೊ ಮುದುಕನ ಕೈಗೆ ವಾಪಸ್ ಹೋಗುತ್ತದೆ, ಅವನು ಫ್ಲಾಸ್ಕ್ ಬಗ್ಗಿಸಿ ಕಹಿ ಸೊಪ್ಪಿನ ಹಸಿರು ಪುಡಿಯ ಮೇಲೆ ಮತ್ತೆ ಬಿಸಿನೀರು ಬಿಡುತ್ತಾನೆ, ಮುಂದಿನವನಿಗೆ ಕೊಡುತ್ತಾನೆ, ಅವನಾದ ಮೇಲೆ ಇನ್ನೊಬ್ಬ, ಆಮೇಲೆ ನಾನು — ಈ ಹಂದಿ ಮೇವಿನ ಲಾರಿಯ ಹಿಂದಿನ ಟೈರು ಪೂರ್ತಿ ಬೋಳು, ಬೇರೆ ದಿನವಾಗಿದ್ದರೆ ಬದಿಗೆ ಹಾಕಿಸಿ ದಂಡ ಬರೆಯುತ್ತಿದ್ದೆ, ಇವತ್ತು ಅದು ರಸ್ತೆಗೆ ಅಡ್ಡ ನಿಂತಿದೆ, ಅಡ್ಡ ನಿಂತ ಲಾರಿಯ ಟೈರು ಸವೆದಿದ್ದರೇನು, ಓಡಿದರೆ ತಾನೆ ಜಾರುವುದು, ಬದಲಾಯಿಸೋ ಬದಲಾಯಿಸೋ ಎಂದು ಈಸ್ಟರ್ ಊಟದಲ್ಲೇ ಹೇಳಿದ್ದೆ, ಆಯ್ತಕ್ಕ ಅಂದಿದ್ದ, ಅದು ನನ್ನ ತಮ್ಮ ವೋಲ್ನೆಯ್‌ನ ಲಾರಿ. ಅವನು ಬುರುಡೆ ಸುತ್ತುವ ಗುಂಪಿನ ಆ ಕಡೆ ನಿಂತಿದ್ದಾನೆ, ಹೆಗಲಿಗೆ ಬಾವುಟ ಹೊದ್ದಿದ್ದಾನೆ, ಈ ಬಿಸಿಲಲ್ಲಿ ಹಸಿರು-ಹಳದಿ ಬಟ್ಟೆಯೊಳಗೆ ಬೆವರುತ್ತಿದ್ದಾನೆ, ನನ್ನ ಮುಖ ಬಿಟ್ಟು ಎಲ್ಲವನ್ನೂ ನೋಡುತ್ತಿದ್ದಾನೆ. ಭಾನುವಾರ ಮತ ಎಣಿಸಿದರು, ಇವರ ಮನುಷ್ಯ ಸೋತ, ಬೆಳಗಾಗುವುದರೊಳಗೆ ಬ್ರೆಜಿಲ್ಲಿನ ಈ ದಕ್ಷಿಣದ ಮೂಲೆಯಲ್ಲಿ ಇದ್ದಬದ್ದ ಲಾರಿಗಳೆಲ್ಲ ಅಡ್ಡ ತಿರುಗಿಕೊಂಡವು, ರಾಜಧಾನಿಯಿಂದ ನ್ಯಾಯಾಲಯದ ಆದೇಶ ಬಂತು, ರಸ್ತೆ ತೆರವು ಮಾಡಿ, ಕೇಂದ್ರದ ಹೆದ್ದಾರಿ ಪೊಲೀಸರು ಮಾಡಬೇಕು, ಅಂದರೆ ನಾನು ಮತ್ತು ಎವಾಲ್ಡೊ ಮತ್ತು ಒಂದು ಜೀಪು. ರೇಡಿಯೊದಲ್ಲಿ ಇನ್‌ಸ್ಪೆಕ್ಟರ್, ಮಾರ್ಲಿಸೆ, ಕೈ ಮಾಡೋ ಹಾಗಿಲ್ಲ, ಮಾತಾಡಿ, ಬರೀ ಮಾತಾಡಿ, ಹೆಚ್ಚಿನ ಜನ ಕಳಿಸ್ತೀನಿ, ಯಾವಾಗ ಸರ್ ಅಂದರೆ ಕಳಿಸ್ತೀನಿ ಅಂದ್ನಲ್ಲ. ಹಾಗಾಗಿ ಮಾತಾಡಲು ನಿಂತಿದ್ದೇನೆ.

ಆದರೆ ಇಲ್ಲಿ ಬುರುಡೆ ಒಂದು ಸುತ್ತು ಬರುವ ಮುಂಚೆ ಯಾರೂ ಕೆಲಸದ ಮಾತು ಎತ್ತುವುದಿಲ್ಲ, ಹೆಣ ಮಲಗಿಸಿದ ಮನೆಯಲ್ಲಿ ಕೂಡ ಮೊದಲು ಒಂದು ಸುತ್ತು, ಜಮೀನಿನ ಜಗಳಕ್ಕೂ ಮೊದಲು ಒಂದು ಸುತ್ತು, ಉತ್ತರದಿಂದ ವರ್ಗವಾಗಿ ಬರುವ ಹುಡುಗರಿಗೆ ಇದು ಅರ್ಥವಾಗದೆ, ಬೇಡ ಸರ್, ಬಿಸಿ ಆಗಲ್ಲ ಎಂದುಬಿಡುತ್ತಾರೆ, ಅಲ್ಲಿಗೆ ಮುಗಿಯಿತು, ಆಮೇಲೆ ಆ ಹಳ್ಳಿಯಲ್ಲಿ ಅವರಿಗೆ ಯಾರೂ ದಾರಿ ಕೂಡ ಹೇಳುವುದಿಲ್ಲ. ಹಿಡಿದರೆ ಪೂರ್ತಿ ಕುಡಿಯಬೇಕು, ಕೊಳವೆ ಗೊರಕೆ ಹೊಡೆಯುವ ತನಕ, ಅರ್ಧಕ್ಕೆ ವಾಪಸ್ ಕೊಡುವಂತಿಲ್ಲ, ಕೊಳವೆ ಅಲ್ಲಾಡಿಸುವಂತಿಲ್ಲ, ಕೆಳಗಿಡುವಂತೆಯೂ ಇಲ್ಲ, ಬುರುಡೆಗೆ ಕೂರಲು ಚಪ್ಪಟೆ ತಳವೇ ಇಲ್ಲ, ಯಾರದಾದರೂ ಕೈಯಲ್ಲೇ ಇರಬೇಕು — ಇದನ್ನೆಲ್ಲ ನಮಗೆ ಹೇಳಿಕೊಟ್ಟವಳು ಇರಾಸಿಯಮ್ಮ, ಇಗರ್ಜಿಯಲ್ಲಿ ನಮ್ಮಿಬ್ಬರ ತಲೆಗೆ ನೀರು ಹಾಕಿದ ದಿನ ಎತ್ತಿಕೊಂಡು ನಿಂತವಳು, ನಮ್ಮ ಧರ್ಮತಾಯಿ, ಅಮ್ಮ ಕೋಳಿ ಕಾರ್ಖಾನೆಯ ಪಾಳಿಗೆ ಹೋದಾಗ ನಮ್ಮನ್ನು ಅಡುಗೆಮನೆಯ ಸೌದೆ ಒಲೆಯ ಪಕ್ಕ ಕೂರಿಸಿಕೊಂಡವಳು, ಮಕ್ಕಳಿಗೆ ಮೊದಲ ಕಹಿ ನೀರು ಕೊಡಬಾರದು, ಅದು ನನಗಿರ್ಲಿ, ಎರಡ್ನೇದು ನಿಮಗೆ, ವೋಲ್ನೆಯ್, ಬಾಯಿ ಸುಟ್ಟೀತು ನಿಧಾನ, ಮಾರ್ಲಿಸೆ, ನೀನೇನು ಪೊಲೀಸಾ, ಅವನನ್ನ ಯಾಕೆ ಹಂಗೆ ಕಾಯ್ತೀಯಾ — ನಾನು ಆಗ ಪೊಲೀಸಲ್ಲ, ಆಗ ಯಾರೂ ಏನೂ ಅಲ್ಲ.

ಇರಾಸಿಯಮ್ಮ ಈಗ ಆ ಬಿಳಿ ವ್ಯಾನಿನಲ್ಲಿದ್ದಾಳೆ. ಸಾಲಿನಲ್ಲಿ ಬಹಳ ಹಿಂದೆ, ಪೆಟ್ರೋಲ್ ಬಂಕಿನ ಬೋರ್ಡಿನ ಹತ್ತಿರ, ಪುರಸಭೆಯ ವ್ಯಾನು, ಡಯಾಲಿಸಿಸ್‌ನವರನ್ನು ನಗರಕ್ಕೆ ಕರೆದೊಯ್ಯುವ ವ್ಯಾನು, ಡ್ರೈವರ್ ಜಿಲ್ಮಾರ್ ಲಾರಿಗಳ ಸಂದಿಯಲ್ಲಿ ನಡೆದುಕೊಂಡು ಬಂದು ನನ್ನ ಕಿವಿಯಲ್ಲಿ ಹೇಳಿಹೋದ, ಮೇಡಂ, ಸೋಮವಾರದ್ದು ತಪ್ಪಿಹೋಯ್ತು, ಅವತ್ತೂ ರಸ್ತೆ ಕಟ್ಟಿತ್ತು, ಇವತ್ತೂ ತಪ್ಪಿದ್ರೆ ಇರಾಸಿಯಮ್ಮ ತಡಿಯಲ್ಲ, ಕಾಲು ಊದಿ ಬಾಳೆ ದಿಂಡಾಗಿದೆ, ಉಸಿರಲ್ಲಿ ನೀರಿನ ಸದ್ದು ಬರ್ತಿದೆ. ನಾನು ನೇರ ವೋಲ್ನೆಯ್ ಹತ್ತಿರ ಹೋದೆ, ವ್ಯಾನಲ್ಲಿ ಯಾರಿದಾರೆ ಗೊತ್ತೇನೋ, ಗೊತ್ತಕ್ಕ, ಗೊತ್ತಿದ್ದೂ ನಿಂತಿದೀಯಾ, ಅಕ್ಕ ಮೆಲ್ಲಗೆ ಮಾತಾಡು, ಆಂಬುಲೆನ್ಸ್ ಆಗಿದ್ರೆ ಬಿಡ್ತಿದ್ದೆ, ಇದು ಪುರಸಭೆದು, ಅಲ್ಲಿ ಮೇಯರ್ ಗೆದ್ದೋರ ಪಕ್ಷ, ನಿನ್ನೆ ಇದೇ ವ್ಯಾನಲ್ಲಿ ಅವರ ಜನ ರೋಗಿಗಳ ಥರ ಮುದುರಿಕೊಂಡು ದಾಟಿ ಹೋದ್ರಂತೆ, ನಾನೊಬ್ನೇ ತೆಗೆದ್ರೆ ಮನೆಯವರಿಗೆ ದಾರಿ ಬಿಟ್ಟ ಅಂತಾರೆ, ಪೊಲೀಸ್ ಅಕ್ಕನಿಗೆ ಮಾರಿಕೊಂಡ ಅಂತಾರೆ, ನೀನು ಬಂದು ಸುತ್ತಲ್ಲಿ ನಿಂತ್ಕೋ, ಒಂದು ಸರದಿ ಕುಡಿ, ಆಮೇಲೆ ನೀನೇ ಕೇಳು, ನಿನ್ನ ಮಾತು ತೆಗೆದುಹಾಕಲ್ಲ. ಅವನು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ, ನಾನೇ ಅವನ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ, ಈ ಊರಲ್ಲಿ ಇರುವ ದಾರಿ ಅದೊಂದೇ.

ಜೀವಂತ ಕೋಳಿಗಳ ಲಾರಿಯೊಂದು ಬಂತು, ಕೋಳಿ ಬಿಸಿಲಿಗೆ ಸಾಯ್ತವೆ, ಬಿಡ್ರಪ್ಪ ಬಿಡಿ, ಎಂದು ನಾಲ್ಕು ಜನ ಓಡಿ ವೋಲ್ನೆಯ್ ಲಾರಿಯ ಪಕ್ಕದ ಸಂದಿಗೆ ಅಡ್ಡ ಇಟ್ಟಿದ್ದ ಸುಟ್ಟ ಟೈರುಗಳನ್ನು ಸರಿಸಿದರು, ಪುಕ್ಕ ಹಾರಿಸುತ್ತಾ ಲಾರಿ ಹೋಯಿತು, ಮತ್ತೆ ಟೈರುಗಳನ್ನು ಇಟ್ಟರು, ಒಂದು ಪುಕ್ಕ ಅರ್ನೊನ ಟೋಪಿಯ ಮೇಲೆ ಕೂತಿದೆ, ಅವನಿಗೆ ಗೊತ್ತಿಲ್ಲ. ಕೋಳಿ ಹೋಗಬಹುದು, ಹಂದಿ ಹೋಗಬಹುದು, ಹಾಲು ಹೋಗಬಹುದು, ಎಲ್ಲ ಇವರದೇ ಕೊಟ್ಟಿಗೆಯದು, ಇರಾಸಿಯಮ್ಮ ಈ ಮೂರರಲ್ಲಿ ಯಾವುದೂ ಅಲ್ಲ — ಸಿಟ್ಟು ಬರಬೇಕು, ಬರುತ್ತಿಲ್ಲ, ಈ ಕೆಲಸದಲ್ಲಿ ಸಿಟ್ಟನ್ನು ಎಲ್ಲೋ ಇಟ್ಟು ಮರೆತಂತಾಗಿದೆ, ರಸ್ತೆಯ ಮೇಲೆ ಬಿದ್ದವರನ್ನು ನೋಡಿ ನೋಡಿ ಹೀಗಾಗಿದೆ, ಮೊದಲು ಗಾಜಿನ ಚೂರು ಎಷ್ಟು ದೂರ ಹೋಗಿದೆ ಎಂದು ನೋಡುತ್ತೇನೆ, ಆಮೇಲೆ ಮನುಷ್ಯರನ್ನು. ಏನ್ ಮೇಡಂ, ಪೆಪ್ಪರ್ ಸ್ಪ್ರೇ ತಂದಿಲ್ವಾ, ಯಾರೋ ಹಿಂದಿನಿಂದ, ತರೋಕೆ ಬಜೆಟ್ ಇಲ್ಲ ಕಣಪ್ಪ, ನಿಮ್ಮ ಅಡುಗೆಮನೇಲಿದ್ರೆ ಒಂದಿಷ್ಟು ಮೆಣಸು ಕೊಡಿ, ನಗು, ಎಲ್ಲ ನಕ್ಕರು, ವೋಲ್ನೆಯ್ ಕೂಡ, ಎಲ್ಲರಿಗಿಂತ ಜೋರಾಗಿ ಎವಾಲ್ಡೊ, ಅವನು ಬೆಳಗಿನಿಂದ ಇವರ ಕೈಯಿಂದ ಕೇಕು ತಿನ್ನುತ್ತಿದ್ದಾನೆ, ಅವನೂ ಇವರಿಗೇ ಮತ ಹಾಕಿದವನು, ಒಳ್ಳೆಯವನೇ, ಅಪಘಾತದಲ್ಲಿ ಮಕ್ಕಳನ್ನು ಎತ್ತಿಕೊಂಡು ಓಡುವವನು.

ಬುರುಡೆ ಬಂತು. ಅರ್ನೊ ಕೊಳವೆಯ ಬಾಯಿ ನನ್ನ ಕಡೆ ತಿರುಗಿಸಿ ಕೊಟ್ಟ, ತಗೋ ಮಗಳೆ, ಬುರುಡೆ ಅಂಗೈಗೆ ಬಿಸಿ, ಬೇಗ ಎಳೆದರೆ ನಾಲಿಗೆ ಸುಡುತ್ತದೆ, ನಿಧಾನ ಎಳೆದರೆ ವ್ಯಾನು ನಿಂತೇ ಇರುತ್ತದೆ, ಸುಟ್ಟುಕೊಂಡೇ ಎಳೆದೆ, ಕಹಿ, ಹೊಗೆ, ಒದ್ದೆ ಹುಲ್ಲಿನ ರುಚಿ, ಕಣ್ಣು ಮುಚ್ಚಿಕೊಂಡಿತು, ಒಲೆಯ ಪಕ್ಕದ ಆ ಬೆಂಚು, ಮುಗಿದ ಮೇಲೆ ಇಬ್ಬರೂ ಕೈ ಚಾಚಬೇಕು, ಆಶೀರ್ವಾದ ಮಾಡಮ್ಮ, ಅವಳು ಸೌದೆ ಧೂಳಿನ ಕೈಯನ್ನು ಏಪ್ರನ್ನಿಗೆ ಒರೆಸಿ ನಮ್ಮ ತಲೆಯ ಮೇಲಿಟ್ಟು, ದೇವ್ರು ಒಳ್ಳೇದು ಮಾಡ್ಲಿ, ಹಾಗನ್ನದೆ ಒಂದು ದಿನವೂ ಬಾಗಿಲು ದಾಟಲು ಬಿಟ್ಟವಳಲ್ಲ, ಮದುವೆಯಾದ ಮೇಲೂ, ಯೂನಿಫಾರ್ಮ್ ಹಾಕಿದ ಮೇಲೂ, ಬಾಗು, ಟೋಪಿ ತೆಗಿ — ಗೊರ್ರ್. ಮುಗಿಯಿತು. ಕಣ್ಣು ತೆರೆದರೆ ಎದುರಿಗೆ ಎವಾಲ್ಡೊನ ಫೋನು. ಏನೋ ಇದು, ಏನಿಲ್ಲ ಮಾರ್ಲಿಸೆ, ಇನ್‌ಸ್ಪೆಕ್ಟರಿಗೆ ವಿಡಿಯೊ ಕಳಿಸ್ತಿದೀನಿ, ಮಾತುಕತೆ ನಡೀತಿದೆ ಅಂತ ಸಾಕ್ಷಿ ಬೇಕಂತೆ, ನಮ್ಮ ಮನೆ ಗ್ರೂಪಿಗೂ ಒಂದು ಹಾಕ್ದೆ, ಚೆನ್ನಾಗಿ ಬಂದಿದೀಯಾ.

ಅವನ ಮನೆ ಗ್ರೂಪಿನಲ್ಲಿ ಅವನ ಭಾವ, ಆ ಭಾವನ ಗ್ರೂಪಿನಲ್ಲಿ ಇಡೀ ಜಿಲ್ಲೆ. ನಾನು ಬುರುಡೆ ವಾಪಸ್ ಕೊಟ್ಟು, ಬಾಯಿ ಒರೆಸಿ, ಗೆಳೆಯರೆ, ಆ ವ್ಯಾನಿನಲ್ಲಿ, ಎಂದು ಶುರು ಮಾಡುವಷ್ಟರಲ್ಲಿ ಯಾರದೋ ಜೇಬಿನಲ್ಲಿ ನನ್ನದೇ ಗೊರಕೆ ಕೇಳಿಸಿತು, ಗೊರ್ರ್, ಇನ್ನೊಬ್ಬರ ಜೇಬಿನಲ್ಲಿ, ಗೊರ್ರ್, ಅದರ ಮೇಲೆ ಒಂದು ಗಂಡಸಿನ ದನಿ, ನೋಡಿ ನೋಡಿ, ಕೇಂದ್ರದ ಪೊಲೀಸ್ನೋರು ನಮ್ಮ ಕಡೆ, ಇನ್ನು ಮೂರೇ ದಿನ, ಸೈನ್ಯ ಬರತ್ತೆ, ಎಲ್ಲ ಬನ್ನಿ. ಬಂದರು. ಮೋಟಾರ್ ಸೈಕಲ್, ಟ್ರ್ಯಾಕ್ಟರ್, ಹೆಂಗಸರು, ಬಾವುಟ, ಮಡಚುವ ಕುರ್ಚಿ, ನನ್ನ ಬೆನ್ನು ತಟ್ಟುವವರು, ಮೇಡಂ ನೀವು ನಿಜವಾದ ಬ್ರೆಜಿಲಿನೋರು, ಒಬ್ಬ ಅಜ್ಜಿ ನನ್ನ ಕೆನ್ನೆಗೆ ಮುತ್ತು ಕೊಟ್ಟಳು, ವ್ಯಾನು, ಎಂದೆ, ಯಾವ ವ್ಯಾನು ಮಗಳೆ, ಎಂದಳು. ಬೋರ್ಡಿನ ತನಕ ಕಾಣುತ್ತಿದ್ದ ರಸ್ತೆ ಈಗ ತಲೆಗಳಲ್ಲಿ ಮುಚ್ಚಿಹೋಯಿತು, ಟೈರು ಇಟ್ಟಿದ್ದ ಸಂದಿಗೂ ಒಂದು ಟ್ರ್ಯಾಕ್ಟರ್ ಅಡ್ಡ ನಿಂತಿತು. ಅಷ್ಟರಲ್ಲಿ ಯಾರೋ ರಾಷ್ಟ್ರಗೀತೆ ಎತ್ತಿದರು, ನಮ್ಮ ರಾಷ್ಟ್ರಗೀತೆ ಉದ್ದ, ಎರಡು ಭಾಗ, ಇವರು ಎರಡನ್ನೂ ಹಾಡುವವರು, ಯೂನಿಫಾರ್ಮಿನಲ್ಲಿದ್ದವರು ಸೆಲ್ಯೂಟ್ ಮಾಡಿ ನಿಲ್ಲಬೇಕು, ನಿಂತೆ, ಎವಾಲ್ಡೊ ನಿಂತ, ಅವನ ಕಣ್ಣು ಒದ್ದೆ, ನನ್ನ ಕೈ ಹುಬ್ಬಿನ ಹತ್ತಿರ, ನಾಲಿಗೆ ಉರಿಯುತ್ತಿದೆ, ರೇಡಿಯೊ ಎದೆಯ ಮೇಲೆ ಮಾತಾಡುತ್ತಿದೆ, ವಿಡಿಯೊ ಬಂತು ಮಾರ್ಲಿಸೆ, ಭೇಷ್, ಹಿಂಗೇ ಮುಂದುವರಿಸಿ. ನಾನು ಕುಡಿಯಬಾರದಿತ್ತೇ, ಕುಡಿಯದಿದ್ದರೆ ಕೇಳುವವರೇ ಇರಲಿಲ್ಲ, ಕುಡಿದದ್ದಕ್ಕೆ ಈಗ ಕೇಳಿಸುವುದಿಲ್ಲ, ಎರಡೂ ಸರಿ, ಹಾಡು ಮುಗಿಯಲಿ.

ಮುಗಿಯಿತು, ವೋಲ್ನೆಯ್‌ನ ತೋಳು ಹಿಡಿದೆ, ಬಾ, ಎಲ್ಲಿಗಕ್ಕ, ಬಾ ಅಂದ್ನಲ್ಲ, ಚಿಕ್ಕವನಿದ್ದಾಗ ಹಿಡಿದ ಹಾಗೇ ಮೊಣಕೈ ಮೇಲೆ ಹಿಡಿದು ಲಾರಿಗಳ ಸಂದಿಯಲ್ಲಿ ಎಳೆದುಕೊಂಡು ಹೋದೆ, ಬಾವುಟ ಒಂದು ಕನ್ನಡಿಗೆ ಸಿಕ್ಕಿ ಹರಿಯಿತು, ಅಯ್ಯೋ ಬಾವುಟ, ಬಿಡು ಅದನ್ನ. ವ್ಯಾನಿನ ಬಾಗಿಲು ತೆರೆದಿದೆ, ಒಳಗೆ ಔಷಧಿ ಮತ್ತು ಕಿತ್ತಳೆ ಸಿಪ್ಪೆಯ ವಾಸನೆ, ಮುಂದಿನ ಸೀಟಿನಲ್ಲಿ ಅವಳು, ಮಲಗಲಾಗದೆ ಡ್ಯಾಶ್‌ಬೋರ್ಡಿಗೆ ದಿಂಬಿಟ್ಟು ಬಗ್ಗಿ ಕೂತಿದ್ದಾಳೆ, ಮುಖ ಮೇಣದ ಬಣ್ಣ, ಪ್ರತಿ ಉಸಿರಿಗೂ ಎದೆಯ ತಳದಲ್ಲಿ — ನನಗೆ ಆ ಸದ್ದು ಗೊತ್ತು, ವೋಲ್ನೆಯ್‌ಗೂ ಗೊತ್ತು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ — ಗೊರ್ರ್. ಅವನು ಅಲ್ಲೇ ಕೈ ಚಾಚಿದ, ಇಷ್ಟು ದೊಡ್ಡ ಗಂಡಸು, ಬಾವುಟದ ಚಿಂದಿ ಹೆಗಲ ಮೇಲೆ, ಆಶೀರ್ವಾದ ಮಾಡಮ್ಮ, ನಾನೂ ಟೋಪಿ ತೆಗೆದು ಚಾಚಿದೆ, ಅವಳು ನಮ್ಮ ಕೈಗಳನ್ನು ನೋಡಿದಳು, ತುಟಿ ಅಲ್ಲಾಡಿತು, ಮಾತು ಬರಲಿಲ್ಲ, ಕೈ ತೊಡೆಯಿಂದ ಮೇಲೇಳಲಿಲ್ಲ. ನಮ್ಮ ಕೈಗಳು ಹಾಗೇ ಗಾಳಿಯಲ್ಲಿ ಸ್ವಲ್ಪ ಹೊತ್ತು ಇದ್ದವು.

ವೋಲ್ನೆಯ್ ಓಡಿದ. ಅವನು ಓಡಿದ್ದನ್ನು ನೋಡಿ ಎಷ್ಟೋ ವರ್ಷ. ಲಾರಿ ಹತ್ತಿ ಸ್ಟಾರ್ಟ್ ಮಾಡಿದ, ಏಯ್ ವೋಲ್ನೆಯ್, ಎಲ್ಲಿಗೋ, ಮಾರ್ಕೊಂಡ್ಯೇನೋ, ಎಷ್ಟಕ್ಕೆ ಕೊಂಡ್ಕೊಂಡ್ಳೋ ನಿಮ್ಮಕ್ಕ, ಒಂದು ಬಾಟಲಿ ಗಾಜಿಗೆ ಬಡಿಯಿತು, ಬೋಳು ಟೈರು ಸುಟ್ಟ ರಬ್ಬರಿನ ಮಸಿಯ ಮೇಲೆ ಎರಡು ಸಲ ಜಾರಿತು, ಮೂರನೆಯ ಸಲ ಹಿಡಿಯಿತು, ಲಾರಿ ಒಂದು ವ್ಯಾನಿನ ಅಗಲಕ್ಕೆ ಹಿಂದೆ ಸರಿಯಿತು, ನಾನು ಜೀಪಿನ ಸೈರನ್ ಹಾಕಿ ಮುಂದೆ ನಡೆದೆ, ಯಾರನ್ನೂ ಮುಟ್ಟಲಿಲ್ಲ, ಕೈ ಮಾಡೋ ಹಾಗಿಲ್ಲ, ಮಾಡಲಿಲ್ಲ, ಬರೀ ನಡೆದೆ, ಜಿಲ್ಮಾರ್ ಸಾಲಿನ ಪಕ್ಕದ ಮಣ್ಣಿನಲ್ಲಿ ವ್ಯಾನು ತಂದು ನನ್ನ ಬೆನ್ನಿಗೆ ಬಂಪರ್ ತಾಗಿಸುವಷ್ಟು ಹತ್ತಿರ ಬಂದ, ದಾಟಿದ, ಏರು ಹತ್ತಿ ಮರೆಯಾದ. ಆಮೇಲೆ ವೋಲ್ನೆಯ್ ಲಾರಿಯನ್ನು ಮತ್ತೆ ಅಡ್ಡ ತಂದು ನಿಲ್ಲಿಸಿದ, ಅದೇ ಜಾಗ, ಇಳಿಯಲಿಲ್ಲ, ಸ್ಟೀರಿಂಗ್ ಹಿಡಿದುಕೊಂಡು ಕೂತಿದ್ದಾನೆ, ಒಡೆದ ಗಾಜಿನ ಹಿಂದೆ. ಎವಾಲ್ಡೊ ಪಕ್ಕಕ್ಕೆ ಬಂದು, ಒಳ್ಳೇ ಕೆಲಸ ಮಾಡ್ದೆ, ಆದ್ರೆ ಇದನ್ನ ವಿಡಿಯೊ ಮಾಡಕ್ಕಾಗ್ಲಿಲ್ಲ, ಅಂದ, ಅವನು ಗಂಭೀರವಾಗಿಯೇ ಹೇಳುತ್ತಿದ್ದಾನೆ.

ಬಿಸಿಲು ಇಳಿದಿಲ್ಲ. ಹೆಚ್ಚಿನ ಜನ ಬಂದಿಲ್ಲ. ಸುತ್ತು ಮತ್ತೆ ಶುರುವಾಗಿದೆ, ಬೈದವರೂ ಅದರಲ್ಲೇ ಇದ್ದಾರೆ, ಅರ್ನೊ ಟೋಪಿಯ ಮೇಲಿನ ಪುಕ್ಕದ ಸಮೇತ ನನ್ನ ಹತ್ತಿರ ಬಂದು, ನಿನ್ನ ಸರದಿ ಬಿಡಲಿಲ್ಲ ಮಗಳೆ, ಕೋಪ ಬೇರೆ, ಸರದಿ ಬೇರೆ, ತಗೋ, ತುಂಬಿದ ಬುರುಡೆ ಕೈಗೆ ಕೊಟ್ಟ, ಆಗಲೇ ಫೋನು ನಡುಗಿತು, ಜಿಲ್ಮಾರ್, ಧ್ವನಿ ಸಂದೇಶ, ಒಂದು ಕೈಯಲ್ಲಿ ಬುರುಡೆ, ಇನ್ನೊಂದರಲ್ಲಿ ಫೋನು ಕಿವಿಗೆ — ಮೇಡಂ, ಸೇತುವೆ ದಾಟಿದ್ವಿ, ಇನ್ನೇನು ಬಂತು, ಇರಾಸಿಯಮ್ಮ ನಿಮ್ಮಿಬ್ರಿಗೂ ಏನೋ ಹೇಳ್ಬೇಕಂತೆ, ಆವಾಗಿಂದ ಕೈ ಎತ್ತಿ ಎತ್ತಿ ಸನ್ನೆ ಮಾಡ್ತಿದಾರೆ, ತಡೀರಿ, ಗಾಡಿ ನಿಲ್ಲಿಸ್ದೆ, ಫೋನು ಅವರ ಬಾಯ ಹತ್ರ ಹಿಡೀತೀನಿ, ಹೇಳಮ್ಮ, ಹೇಳು, ಕೇಳಿಸ್ಕೋತಾರೆ — ಗೊರ್ರ್, ಉದ್ದಕ್ಕೆ, ತಳದ ತನಕ ಎಳೆದಂತೆ, ಆಮೇಲೆ ಏನೂ ಇಲ್ಲ, ಬಹಳ ಹೊತ್ತು ಏನೂ ಇಲ್ಲ, ಪಕ್ಕದಲ್ಲಿ ಯಾವುದೋ ಗಾಡಿ ಹೋದ ಸದ್ದು, ಅಷ್ಟೇ ಮೇಡಂ, ಅಂದ ಜಿಲ್ಮಾರ್. ಸಂದೇಶವನ್ನು ಮತ್ತೊಮ್ಮೆ ಹಾಕಿದೆ. ವೋಲ್ನೆಯ್ ಗಾಜಿನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಾನೆ, ಅವನಿಗೆ ತೋರಿಸಬೇಕು, ಕೇಳಿಸಬೇಕು, ನಮ್ಮಿಬ್ಬರಿಗೂ ಅಂದಿದ್ದಾಳೆ, ನಡೆದು ಹೋಗಬೇಕು, ಅದಕ್ಕೆ ಮೊದಲು ಇದನ್ನು ಎಲ್ಲಾದರೂ ಇಡಬೇಕು, ಇಡಲಾಗುವುದಿಲ್ಲ, ತಳವಿಲ್ಲ, ಕುಡಿ ಮಗಳೆ ತಣ್ಣಗಾಗತ್ತೆ, ಅಂಚಿನ ತನಕ ನೀರು, ಹಸಿರು ನೊರೆ ಒಡೆದಿಲ್ಲ, ಕೊಳವೆಗೆ ಇನ್ನೂ ಯಾರ ಬಾಯೂ ತಾಗಿಲ್ಲ, ತುಂಬಿದೆ, ತುಂಬಿಯೇ ಇದೆ, ಆದರೂ ಗೊರ್ರ್