ಬಾಗಿಲು ಕಾಣುವ ಸೀಟು

ಕೂರುವ ಜಾಗವನ್ನು ಅಂಗೈಯಿಂದ ಒಮ್ಮೆ ಸವರದೆ ದಾಸಮ್ಮ ಎಲ್ಲಿಯೂ ಕೂತವಳಲ್ಲ. ಬಸ್ಸಿನ ಸೀಟಾಗಲಿ, ನೆಂಟರ ಮನೆಯ ಜಗಲಿಯಾಗಲಿ, ಮದುವೆ ಛತ್ರದ ಕುರ್ಚಿಯಾಗಲಿ, ಅದರ ಅಂಚು, ಮೂಲೆ, ಹಿಂಬದಿಗಳನ್ನು ಆಕೆಯ ಕೈ ವಿಚಾರಿಸಿಕೊಂಡ ಮೇಲೆಯೇ ದೇಹ ಒಪ್ಪುತ್ತಿತ್ತು. ತಿಪ್ಪಸಂದ್ರದ ಕಡೆಯ ಕುರಿ ಸಾಕುವ ಮನೆಯ ಮಗಳು. ಬಾಲ್ಯವಿಡೀ ಮಂದೆಯ ಹಿಂದೆ ನಡೆದ ಆ ಕಾಲುಗಳು ಸದ್ದೆಂಬುದನ್ನೇ ಅರಿಯವು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ರೈಲು ಬೋಗಿಯ ಒಳಗಿನ ಸೀಟು, ಹಿಡಿಕೆ, ಅಡ್ಡಹಲಗೆಗಳನ್ನು ಮಾಡುವ ಕಾರ್ಖಾನೆಯೊಂದು ಶುರುವಾದಾಗ ಆಕೆ ಸೇರಿದ್ದು ಗುಡಿಸುವ ಕೆಲಸಕ್ಕೆ. ಕಣ್ಣಿಗೆ ಕಾಣದ ಸಿಬಿರನ್ನೂ ಆಕೆಯ ಬೆರಳು ಹಿಡಿಯುವುದನ್ನು ಕಂಡವರು, ಎರಡೇ ವರ್ಷದಲ್ಲಿ, ಸಿದ್ಧವಾದ ಮಾಲನ್ನು ಪರೀಕ್ಷಿಸುವ ಮೇಜಿಗೆ ತಂದು ನಿಲ್ಲಿಸಿದರು. ಸೀರೆಯ ಮೇಲೆ ತೊಟ್ಟ ನೀಲಿ ಕೋಟಿನ ತೋಳು ಸದಾ ಮೊಣಕೈವರೆಗೆ ಮಡಿಸಿರುತ್ತಿತ್ತು. ಯಾವ ಮಾತಿಗೂ ಮುಂಚೆ "ಒಸಿ ತಡೀರಿ" ಎಂಬುದೊಂದು ಇರಲೇಬೇಕು.

ಎರಡು ಸಾವಿರದ ಆರನೆಯ ಇಸವಿಯಲ್ಲಿ ಹೆಂಗಸರ ಬೋಗಿಗೊಂದು ಹೊಸ ವಿನ್ಯಾಸ ಬಂತು. ಎಂಜಿನಿಯರ್ ಶ್ರೀನಿವಾಸ್ ಬಾಗಿಲಿಗೂ ಮೊದಲ ಸೀಟಿಗೂ ನಡುವೆ ಚಾವಣಿಯವರೆಗೆ ಏರುವ ಹಲಗೆಯೊಂದನ್ನು ನಿಲ್ಲಿಸಿದ್ದರು. ಕೂತವರಿಗೆ ಮರೆಯಿರಲಿ, ನೂಕುನುಗ್ಗಲು ತಾಗದಿರಲಿ ಎಂಬುದು ಅವರ ಕಾಳಜಿ. ಬಾಗಿಲ ಚೌಕಟ್ಟಿನ ಸಮೇತ ಜೋಡಿಸಿಟ್ಟಿದ್ದ, ಮರುದಿನ ಲಾರಿ ಏರಬೇಕಾಗಿದ್ದ ಮಾದರಿಗೆ ಒಪ್ಪಿಗೆಯ ಚೀಟಿ ಅಂಟಿಸಲು ಬಂದ ದಾಸಮ್ಮ, ಹಲಗೆಯ ಹಿಂದಿನ ಸೀಟನ್ನು ಸವರಿ ಕೂತಳು; ಬಹಳ ಹೊತ್ತು ಕೂತೇ ಇದ್ದಳು.

"ಒಸಿ ತಡೀರಿ ಸಾರ್. ಇಲ್ಲಿ ಕುಂತ್ರೆ ಬಾಗ್ಲು ಕಾಣಕ್ಕಿಲ್ಲ."

"ಕಾಣಬಾರದು ಅಂತಾನೇ ಹಾಕಿರೋದಮ್ಮ," ಎಂದರು ಶ್ರೀನಿವಾಸ್. "ಮರೆ ಇದ್ರೆ ಧೈರ್ಯ ಅಲ್ವಾ?"

ದಾಸಮ್ಮ ಸೀಟಿನ ಬಟ್ಟೆ ಹೊಲಿಯುವ ಅಮೀರುನ್ನೀಸಾಳನ್ನು ಕರೆದಳು. ಆಕೆ ದಿನವೂ ಚನ್ನಪಟ್ಟಣದಿಂದ ರಾಮನಗರಕ್ಕೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬರುವವಳು; ರೈಲಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಬಳಿಯೇ ನಿಲ್ಲುವವಳು. ಯಾಕೆಂದು ಶ್ರೀನಿವಾಸ್ ಕೇಳಿದರು.

"ಮೂಲೇಲಿ ಕೂತ್ರೆ ಬೆನ್ನಿಗೂ ಕಣ್ಣು ಬೇಕು ಸಾರ್. ಒಂದ್ ಸಲ ಯಾರೋ ಬಂದು ಪಕ್ಕದಲ್ಲೇ ನಿಂತಿದ್ದ, ಹತ್ತಿದ್ದೇ ಗೊತ್ತಾಗಿಲ್ಲ ನನಗೆ. ಅವತ್ತಿಂದ ಕೂತಿಲ್ಲ."

ಶ್ರೀನಿವಾಸ್ ಒಪ್ಪಿದಂತೆ ಕಾಣಲಿಲ್ಲ. "ನೀವೇ ಒಂದ್ಗಳಿಗೆ ಕುಂತ್ಕಳಿ ಸಾರ್" ಎಂದಳು ದಾಸಮ್ಮ. ಅವರು ಕೂತು ನಕ್ಷೆ ಬಿಡಿಸಿದರು. ಆಕೆ ಬಾಗಿಲಿನಿಂದ ಒಳಬಂದದ್ದಾಗಲಿ, ಹೆಗಲ ಬಳಿ ನಿಂತದ್ದಾಗಲಿ ಅವರಿಗೆ ತಿಳಿಯಲಿಲ್ಲ. "ಸಾರ್" ಎಂಬ ದನಿಗೆ ಬೆಚ್ಚಿ ಎದ್ದ ರಭಸಕ್ಕೆ ನಕ್ಷೆ ನೆಲಕ್ಕೆ ಬಿತ್ತು. ಹೊಲಿಗೆಯವರೆಲ್ಲ ನಕ್ಕರು. ದಾಸಮ್ಮ ನಗಲಿಲ್ಲ, ನಕ್ಷೆಯನ್ನೆತ್ತಿ ಕೊಟ್ಟು, "ನೀವು ಗಂಡಸ್ರು, ಇದು ಕಾರ್ಖಾನೆ, ಹಾಡಹಗಲು. ಅಂಗೂ ಎದೆ ಝಲ್ ಅಂತು" ಎಂದಷ್ಟೇ ಹೇಳಿದಳು. ಚೀಟಿ ಆಕೆಯ ಕೈಯಲ್ಲೇ ಉಳಿಯಿತು.

ಲಾರಿ ಖಾಲಿ ಹೋಯಿತು. ಶ್ರೀನಿವಾಸ್ ನಕ್ಷೆ ತಿದ್ದಿದರು; ಹಲಗೆಯ ಮೇಲರ್ಧವನ್ನು ಕೊಯ್ದು, ಆಚೆಯದು ಕಾಣುವಂಥ, ಒಡೆಯದ ಗಾಜಿನಂಥ ಹಾಳೆ ಕೂರಿಸಲು ಹತ್ತು ದಿನ ಹಿಡಿಯಿತು. ತಡವಾದ ಸಿಟ್ಟಿಗೆ ಮ್ಯಾನೇಜರು ಆಕೆಯನ್ನು ಪರೀಕ್ಷೆಯ ಮೇಜಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು. ಶ್ರೀನಿವಾಸ್ ಎರಡು ಸಲ ಹೋಗಿ ವಾದಿಸಿದರೂ ಫಲವಾಗಲಿಲ್ಲ. ದಾಸಮ್ಮ ಯಾರನ್ನೂ ದೂರಲಿಲ್ಲ. ನೀಲಿ ಕೋಟನ್ನು ಮಡಿಸಿ ಕೊಟ್ಟು, ತಾನು ತಡೆದಿದ್ದ ಮಾದರಿಯನ್ನೇ ಮೊದಲು ರಟ್ಟಿನಲ್ಲಿ ಸುತ್ತಿದಳು.

"ನಮ್ ರೈಲಿಗೇ ಬರುತ್ತಾ ಇದು?" ಎಂದು ಅಮೀರುನ್ನೀಸಾ ಕೇಳಿದಳು.

"ಉತ್ತರದ ಕಡೆ ಎಲ್ಲೋ ಓಯ್ತದಂತೆ. ಯಾರ್ ರೈಲಿಗಾದ್ರೂ ಓಗ್ಲಿ ಬುಡಕ್ಕ, ಕುಂತ್ಕಳೋಳು ಒಬ್ಳು ಇರ್ತಾಳಲ್ಲ."

ಭದ್ರತೆಯೆಂದರೆ ಬೀಗ, ಕಾವಲು, ಎಚ್ಚರಿಕೆಯ ಫಲಕ ಎಂದೇ ನಾವು ತಿಳಿದಿರುತ್ತೇವೆ. ಅಪರಿಚಿತರ ಅಂಜಿಕೆಯನ್ನು ಅವರಿಗಿಂತ ಮೊದಲು ತಾವು ಕೂತು ಅನುಭವಿಸಿ ನೋಡುವ ಇಂಥ ಜೀವಗಳು ಮಾತ್ರ, ತಾವೆಂದೂ ಹತ್ತದ ರೈಲಿಗಾಗಿ ಹಟ ಹಿಡಿದು, ಅದರ ಫಲವನ್ನು ಕಾಣದೆಯೇ ಮುಂದಿನ ಕೆಲಸಕ್ಕೆ ಕೈಹಾಕುತ್ತವೆ. ಬಾಗಿಲು ಕಾಣುವ ಆ ಸೀಟಿನಲ್ಲಿ ಕೂತ ಯಾವುದೋ ಊರಿನ ಹೆಂಗಸೊಬ್ಬಳು, ಯಾಕೆಂದು ತನಗೇ ತಿಳಿಯದೆ, ಬಿಗಿಹಿಡಿದ ಚೀಲವನ್ನು ಸಡಿಲಿಸಿ ಕಿಟಕಿಗೆ ತಲೆಯಾನಿಸುತ್ತಾಳೆ.