ನಲವತ್ತರಲ್ಲಿ ಒಂದು

ನಲವತ್ತು ಕಂಪ್ಯೂಟರುಗಳಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕುವುದೆಂದರೆ ಭಾವನಿಗೆ ಒಂದು ವಾರದ ಕೆಲಸ. ಪೆನ್‌ಡ್ರೈವ್ ಹಿಡಿದು ಒಂದೊಂದರ ಮುಂದೆಯೂ ಕೂತು, ಅದು ಕೇಳಿದ್ದಕ್ಕೆಲ್ಲ ಹೂಂಗುಟ್ಟುತ್ತಲೇ ಹನ್ನೊಂದು ವರ್ಷ ಕಾಲೇಜಿನ ಲ್ಯಾಬ್ ಆಳಿದ ಮನುಷ್ಯ. ಹೆಂಡತಿಯ ತಂಗಿ ಅದನ್ನು ನೆಟ್‌ವರ್ಕಿನ ಮೂಲಕ ಕೂತಲ್ಲಿಂದಲೇ ಒಂದು ಗಂಟೆಯಲ್ಲಿ ಮುಗಿಸುತ್ತೇನೆ ಎಂದಾಗ ಅವನ ಮೈಯೆಲ್ಲ ಉರಿದುಹೋಯಿತು. ಕಾಲೇಜಿನಲ್ಲಿ ಅವಳಿಗೆ ನೌಕರಿ ಕೊಡಿಸಿದ್ದು ತಾನೇ ಎಂದು, ಅಕ್ಕನ ಮನೆಗೆ ಊಟಕ್ಕೆ ಹೋದಾಗಲೆಲ್ಲ ಅವಳನ್ನು ಚುಚ್ಚುತ್ತಿದ್ದವನು ಅವನು. ಅವಳಿಗೂ ಅವನ ಮುಖ ಕಂಡರಾಗದು.

ಪ್ರಾಂಶುಪಾಲರು ಖಡಾಖಂಡಿತವಾಗಿ ಹೇಳಿದ್ದರು: ನಲವತ್ತೂ ಮುಗಿದರೆ ಲ್ಯಾಬ್ ಅವಳದು, ಒಂದು ಕೈಕೊಟ್ಟರೂ ಅವಳು ಮನೆಗೆ.

ಬೆಳಿಗ್ಗೆ ಸಾಲುಗಳ ನಡುವೆ ನಡೆದು ನೋಡಿದಳು. ಮೂರನೆಯ ಸಾಲಿನ ಕೊನೆಯ ಸಿಪಿಯುವಿನ ಮೂಲೆ ಚೆಕ್ಕೆ ಎದ್ದಿತ್ತು. ಉಳಿದವುಗಳದೇ ಮಾಡೆಲ್, ಆದರೆ ಆ ಚೆಕ್ಕೆಯಿಂದ ಗುರುತು ಸಿಕ್ಕಿತು: ಇದು ಭಾವನ ಸ್ವಂತ ಮೇಜಿನದು. ಅವನು ಬರೆದಿಟ್ಟ ಪಾಠ, ಪ್ರಶ್ನೆಪತ್ರಿಕೆಗಳೆಲ್ಲ ಅದರೊಳಗೇ. ಯಾರಾದರೂ ಕದ್ದಾರೆಂದು ಇನ್ನೊಂದು ಪ್ರತಿಯನ್ನೂ ಇಟ್ಟಿರಲಿಲ್ಲ. ಅವನ ಹುನ್ನಾರ ಅವಳಿಗೆ ತಕ್ಷಣ ಹೊಳೆಯಿತು. ಲ್ಯಾಬಿನವನ್ನೆಲ್ಲ ಅವಳು ಹಿಂದಿನ ದಿನವೇ ಪರೀಕ್ಷಿಸಿದ್ದಳು, ಅದಕ್ಕೇ ಒಂದನ್ನು ತೆಗೆದು ಅದರ ಜಾಗದಲ್ಲಿ ಇದನ್ನು, ನೆಟ್‌ವರ್ಕನ್ನು ಬಿಟ್ಟು ತನ್ನ ಡಿಸ್ಕಿನಿಂದಲೇ ಶುರುವಾಗುವಂತೆ ಸೆಟ್ಟಿಂಗ್ ಬದಲಿಸಿ ತಂದಿಟ್ಟಿದ್ದಾನೆ. ಎಲ್ಲರೆದುರು ಅದೊಂದು ಕೈಕೊಡಬೇಕು, ಇವಳ ಮಾನ ಹೋಗಬೇಕು.

ಆದರೆ ಯಾವಾಗಲೂ ಗುಂಡಿ ಒತ್ತಿಯೇ ಕಂಪ್ಯೂಟರ್ ಶುರುಮಾಡಿದವನಿಗೆ ಒಂದು ವಿಷಯ ಗೊತ್ತಿರಲಿಲ್ಲ. ನೆಟ್‌ವರ್ಕಿನ ಮೂಲಕ ಎಬ್ಬಿಸಿದರೆ ಆ ಮಾಡೆಲ್ ಅಂಥ ಸೆಟ್ಟಿಂಗನ್ನು ಮೂಸಿಯೂ ನೋಡುವುದಿಲ್ಲ, ನೆಟ್‌ವರ್ಕ್ ಹೇಳಿದ್ದನ್ನೇ ಮಾಡುತ್ತದೆ. ಡಿಸ್ಕ್ ಅಳಿಸಲೇ ಎಂಬ ಪ್ರಶ್ನೆಯನ್ನು ಅವಳು ಮೊದಲೇ ತೆಗೆದುಹಾಕಿದ್ದಳು.

ಪ್ರಾಂಶುಪಾಲರು ಬಂದು ನಿಂತರು.

“ಭಾವ, ಯಾವುದ್ರಲ್ಲಾದ್ರೂ ಬೇಕಾಗಿರೋದು ಇದೆಯಾ? ಎಲ್ಲ ಅಳಿಸಿಹೋಗುತ್ತೆ.”

“ನಲವತ್ತೂ ಖಾಲಿ. ನಿನ್ನ ಆಟ ಶುರುಮಾಡು.”

“ಇನ್ನೊಂದ್ಸಲ ಕೇಳ್ತಿದೀನಿ. ಆ ಕೊನೇದು?”

ಅವನ ಮುಖ ಪೆಚ್ಚಾಯಿತು. ಒಪ್ಪಿಕೊಂಡರೆ ಪ್ರಾಂಶುಪಾಲರೆದುರು ಬಣ್ಣ ಬಯಲು. “ಕೈಲಾಗದಿದ್ರೆ ನೆಪ ಹುಡುಕಬೇಡ,” ಎಂದ.

ಅವಳು ಎಂಟರ್ ಒತ್ತಿದಳು. ನಲವತ್ತು ಫ್ಯಾನುಗಳು ಒಟ್ಟಿಗೆ ಗುಂಯ್‌ಗುಟ್ಟಿದವು, ನಲವತ್ತು ಪರದೆಗಳಲ್ಲೂ ನೀಲಿ ಪಟ್ಟಿ ಸರಿಯತೊಡಗಿತು. ಭಾವ ಎದ್ದೆನೋ ಬಿದ್ದೆನೋ ಎಂದು ಓಡಿ ಕೊನೆಯದರ ನೆಟ್‌ವರ್ಕ್ ಕೇಬಲ್ ಕಿತ್ತ.

“ಅದನ್ನ ಯಾಕ್ ಕಿತ್ರಿ?” ಎಂದರು ಪ್ರಾಂಶುಪಾಲರು.

ಅವಳು ಹತ್ತಿರ ಹೋದಳು. ಪಟ್ಟಿ ಶೇಕಡಾ ಮೂವತ್ತಕ್ಕೆ ನಿಂತಿತ್ತು.

“ಬಿಟ್ಬಿಡಮ್ಮಾ,” ಅವನು ಪಿಸುಗುಟ್ಟಿದ. “ರಿಪೇರಿಯವರಿಗೆ ಕೊಟ್ರೆ ಸ್ವಲ್ಪನಾದ್ರೂ ಉಳಿಸಿಕೊಡಬಹುದು.”

ಅವನು ಅವಳನ್ನು ಬೇಡಿಕೊಂಡದ್ದು ಅದೇ ಮೊದಲು. ಅವಳಿಗೆ ಖುಷಿಯಾಯಿತು, ಮುಚ್ಚಿಡುವುದೇನು.

“ನಲವತ್ತು ಅಂದಿದಾರೆ, ಭಾವ,” ಎಂದು ಅವನ ಕೈಯಿಂದ ಕೇಬಲ್ ತೆಗೆದುಕೊಂಡು ಸಿಕ್ಕಿಸಿ, ಕಂಪ್ಯೂಟರ್ ಆರಿಸಿ, ತನ್ನ ಮೇಜಿಗೆ ಹೋಗಿ ಅದೊಂದನ್ನು ಮತ್ತೆ ಮೊದಲಿನಿಂದ ಶುರುಮಾಡಿದಳು.